ರೈಟರ ಸೈಕಲ್ಲಿಗೆ ನಾನು ಹೊಡೆದ ತೂತು

ರೈಟರ್ ರುದ್ರಪ್ಪನವರ ಸೈಕಲ್ಲಿನ ಫ್ರೇಮಿಗೆ ತೂತು ಹೊಡೆದವನು ನಾನು. ಅವರು ಬಿದ್ದದ್ದು ತಲೆ ತಿರುಗಿ ಅಲ್ಲ. ಅಥವಾ — ತಲೆ ತಿರುಗಿ ಮಾತ್ರ ಅಲ್ಲ. ನೋಡಿ, ಶುರುವಿನಲ್ಲೇ ತಡವರಿಸುತ್ತಿದ್ದೇನೆ. ನೇರವಾಗಿ ಹೇಳಿಬಿಡುತ್ತೇನೆ. ಹೊಡೆಯಬೇಡ ಅಂತ ಅವರು ಹೇಳಿದ್ದ ತೂತನ್ನು ಹೊಡೆದೆ. ಆ ತೂತಿನಿಂದ ಬಿರುಕು ಹೊರಟಿದ್ದನ್ನು ಕಣ್ಣಾರೆ ನೋಡಿದೆ. ಅದರ ಮೇಲೆ ಬಣ್ಣ ಬಳಿದೆ. ಅವರು ಬಿದ್ದ ಮೇಲೆ, ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡು ಅವರೇ ಕೇಳಿದಾಗ, "ಗಾಡಿ ಸರಿ ಇತ್ತು ಸಾರ್" ಅಂದೆ. ಒಂದು ವರ್ಷ ನಾಲ್ಕು ತಿಂಗಳು ಆ ಮಾತನ್ನು ಹಾಗೇ ಇಟ್ಟುಕೊಂಡಿದ್ದೆ.

ಈ ಸೈಕಲ್ಲನ್ನು ನಿಮ್ಮಲ್ಲಿ ಕೆಲವರು ನನ್ನ ವಿಡಿಯೋದಲ್ಲಿ ನೋಡಿದ್ದೀರಿ. ಕಪ್ಪು ಬಣ್ಣ, ಅದರ ಮೇಲೆ ಚಿನ್ನದ ಸಣ್ಣ ಗೆರೆ, ಕಂಬಿ ಬ್ರೇಕು, ಹೊಟ್ಟೆಯಲ್ಲಿ ಪುಟ್ಟ ಪೆಟ್ರೋಲ್ ಇಂಜಿನ್. "ಸೂಪರ್ ಬ್ರೋ" ಅಂತ ಬರೆದಿದ್ದಿರಿ. ಆ ವಿಡಿಯೋದಲ್ಲಿ ನಾನು ತೋರಿಸದೆ ಬಿಟ್ಟ ಒಂದು ಜಾಗ ಇದೆ. ಇದೆಲ್ಲ ಅದರ ಬಗ್ಗೆ.

ನನ್ನ ಹೆಸರು ಪ್ರಶಾಂತ. ಎಲ್ಲರೂ ಕರೆಯುವುದು ಪಚ್ಚು ಅಂತ. ಬಣಕಲ್ ಬಸ್ ಸ್ಟ್ಯಾಂಡಿನ ಎದುರು ಸಣ್ಣದೊಂದು ರಿಪೇರಿ ಅಂಗಡಿ ಇಟ್ಟಿದ್ದೇನೆ. ತೋಟದಲ್ಲಿ ಕಳೆ ಹೊಡೆಯುವ ವೀಡ್ ಕಟರು, ಔಷಧಿ ಹೊಡೆಯುವ ಸ್ಪ್ರೇಯರು, ಮರ ಕೊಯ್ಯುವ ಮಿಷನ್ — ಇಂಥವೇ. ಇದನ್ನೆಲ್ಲ ಯಾರೂ ನನಗೆ ಕಲಿಸಲಿಲ್ಲ. ಕೆಟ್ಟ ಇಂಜಿನ್ ಬಿಚ್ಚುವುದು, ಫೋನಿನಲ್ಲಿ ಯಾರೋ ಮಾಡಿದ್ದನ್ನು ನೋಡುವುದು, ಜೋಡಿಸುವುದು, ಕೊನೆಯಲ್ಲಿ ಒಂದು ವಾಷರ್ ಕೈಯಲ್ಲಿ ಉಳಿದರೆ ಮತ್ತೆ ಬಿಚ್ಚುವುದು — ಹೀಗೇ ಕಲಿತೆ. ಕಲಿತೆ ಅಂದುಕೊಂಡಿದ್ದೆ.

ರುದ್ರಪ್ಪನವರಿಗೆ ಎಪ್ಪತ್ತನಾಲ್ಕು. ಊರ ಮೇಲಿನ ಕಾಫಿ ಎಸ್ಟೇಟಿನಲ್ಲಿ ನಲವತ್ತು ವರ್ಷ ರೈಟರ್ ಆಗಿದ್ದವರು. ಆಳುಗಳ ಹಾಜರಿ, ಕುಯ್ಲಿನ ತೂಕ, ಮಳೆಯ ಅಳತೆ, ಎಲ್ಲ ಅವರ ಪುಸ್ತಕದಲ್ಲೇ. ರಿಟೈರ್ ಆದ ಮೇಲೆ ಬೇರೆಲ್ಲ ಬಿಟ್ಟರು. ಮಳೆ ಒಂದನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಎಸ್ಟೇಟಿನ ಕಣದ ಪಕ್ಕದಲ್ಲಿರುವ ಮಳೆಮಾಪಕದ ಮುಂದೆ ನಿಂತಿರುತ್ತಿದ್ದರು. ಡಬ್ಬದ ನೀರನ್ನು ಗೆರೆ ಕೊರೆದ ಗಾಜಿನ ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಓದಿ, ಬರೆದು ಬರುತ್ತಿದ್ದರು. ನಮ್ಮ ಕಡೆ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಅವರು ಸೈಕಲ್ ತುಳಿದುಕೊಂಡು ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಕೂಗಿಯೇ ಕೂಗುತ್ತಿದ್ದರು: "ರೈಟ್ರೇ, ಎಷ್ಟಾಯ್ತು?"

"ಎಂಬತ್ತೆರಡು."

"ನಮ್ಮಲ್ಲಿ ಒಂದಿಂಚು ದಾಟಿತ್ತು."

"ನಿಮ್ಮ ಬಕೆಟ್ಟಲ್ಲಿ ದಾಟಿರ್ಬೋದು ಮಾರಾಯ್ರೆ. ನಾನು ಹೇಳಿದ್ದು ಮಳೆ."

ಎಲ್ಲರೂ ನಗುತ್ತಿದ್ದರು. ಆದರೆ ಕಾಫಿ ಹೂ ಅರಳಿಸುವ ಹೂಮಳೆ ಬಂದ ದಿನ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅಂತ ತೀರ್ಮಾನ ಮಾಡಲು ಅವರ ಸಂಖ್ಯೆಯನ್ನೇ ಕೇಳುತ್ತಿದ್ದರು. ಅವರು ತಪ್ಪು ಹೇಳಿದ್ದು ಯಾರಿಗೂ ನೆನಪಿಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ನಾನು ಕೆಡಿಸಿದ್ದು ಇದನ್ನೇ.

ಆ ಸೈಕಲ್ ಅವರಿಗೆ ಕೆಲಸದ ಜೊತೆ ಬಂದದ್ದು. ಅವರಿಗಿಂತ ಮುಂಚಿನ ರೈಟರಿಗೆ ಬಿಳಿ ದೊರೆಗಳ ಕಾಲದಲ್ಲಿ ಕೊಟ್ಟಿದ್ದಂತೆ. ವಿಲಾಯತಿ ಸೈಕಲ್ಲು, ಇಪ್ಪತ್ತನಾಲ್ಕು ಇಂಚಿನ ದೊಡ್ಡ ಫ್ರೇಮು. ನನಗಿಂತ ಮೂರು ಪಾಲು ವಯಸ್ಸು ಅದಕ್ಕೆ. ನಾನು ಆಗಷ್ಟೇ ಸೈಕಲ್ಲಿಗೆ ಕೂರಿಸುವ ಎಂಬತ್ತು ಸಿಸಿ ಇಂಜಿನ್ ಕಿಟ್ ಒಂದನ್ನು ಕೊರಿಯರಿನಲ್ಲಿ ತರಿಸಿದ್ದೆ. ಇಂಜಿನ್, ಪುಟ್ಟ ಟ್ಯಾಂಕು, ಹಿಂದಿನ ಚಕ್ರಕ್ಕೆ ಕಟ್ಟುವ ಹಲ್ಲಿನ ಚಕ್ರ, ಕ್ಲಚ್ಚು, ಚೈನು, ಎಲ್ಲ ಒಂದೇ ಡಬ್ಬದಲ್ಲಿ. ಡಬ್ಬ ಇತ್ತು, ಸೈಕಲ್ ಇರಲಿಲ್ಲ. ಈಗಿನ ಸೈಕಲ್ಲುಗಳ ದಪ್ಪ ಪೈಪಿಗೆ ಅದು ಕೂರುವುದಿಲ್ಲ. ಡಿಸೆಂಬರಿನಲ್ಲಿ ಒಂದು ದಿನ ಅವರು ಚೈನ್ ಸರಿ ಮಾಡಿಸಲು ಬಂದಾಗ ನನ್ನ ಕಣ್ಣು ಹೋದದ್ದು ಆ ಫ್ರೇಮಿನ ಮೇಲೆ.

"ಸಾರ್, ಇದಕ್ಕೊಂದು ಇಂಜಿನ್ ಕೂರಿಸಿದ್ರೆ ಹೆಂಗೆ?"

"ಎಂತ, ನಿನ್ನ ವೀಡ್ ಕಟರಾ? ದಾರೀಲಿ ಹೋಗೋರ ಕಾಲು ಕೊಚ್ಕೊಂತ ಹೋಗ್ಬೇಕಾ ನಾನು?"

"ತಮಾಷೆ ಅಲ್ಲ ಸಾರ್. ದೊಡ್ಡ ಏರಲ್ಲಿ ಇಳಿದು ತಳ್ಕೊಂಡು ಹೋಗ್ತೀರಲ್ಲ, ನೋಡಿದೀನಿ."

"ಅದು ಸೈಕಲ್ಲಿಗೆ ಗೌರವ ಕೊಡಕ್ಕೆ ಮಾರಾಯ. ಅದಕ್ಕೂ ವಯಸ್ಸಾಯ್ತಲ್ಲ."

ನಕ್ಕು ಹೋದರು. ಮೂರು ದಿನ ಬಿಟ್ಟು ಅವರೇ ತಳ್ಳಿಕೊಂಡು ಬಂದರು. ಮೊಣಕಾಲಿಗೆ ಪಟ್ಟಿ ಕಟ್ಟಿದ್ದರು, ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಎಸ್ಟೇಟಿನ ಒಳದಾರಿಯಲ್ಲಿ ಮಾತ್ರ ಇಂಜಿನ್ ಹಾಕುವುದು, ಟಾರು ರಸ್ತೆಗೆ ಬಂದರೆ ಆಫ್ ಮಾಡಿ ತುಳಿಯುವುದು ಅಂತ ಮಾತಾಯಿತು. ಆಮೇಲೆ ಅವರು ಸೈಕಲ್ಲಿನ ಮೇಲೆ ಕೈ ಇಟ್ಟುಕೊಂಡು ಹೇಳಿದರು:

"ಏನ್ ಬೇಕಾದ್ರೂ ಕೂರ್ಸು. ನಾಳೆ ಬಿಚ್ಚಿದ್ರೆ ಮೊದಲಿನ ಹಾಗೇ ಆಗ್ಬೇಕು. ಫ್ರೇಮಿಗೆ ಮಾತ್ರ ತೂತು ಹೊಡೀಬೇಡ. ತಿಳೀತಾ?"

"ಇಲ್ಲ ಸಾರ್. ಎಲ್ಲ ಪೈಪಿಗೆ ಸುತ್ತಿ ಬಿಗಿಯೋ ಕ್ಲ್ಯಾಂಪೇ."

ಆಗ ಹೇಳಿದ್ದು ಸುಳ್ಳಲ್ಲ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಆದರೆ ಅದರಿಂದ ಏನಾದರೂ ಕಡಿಮೆಯಾಗುತ್ತದೆಯಾ ಅಂದರೆ — ಗೊತ್ತಿಲ್ಲ.

ಇಂಜಿನ್ನಿನ ಹಿಂದಿನ ಕಾಲು ಸೀಟಿನ ಕೆಳಗಿನ ಪೈಪಿಗೆ ಚೆನ್ನಾಗಿ ಕಚ್ಚಿಕೊಂಡಿತು. ಮುಂದಿನ ಕಾಲು ಗಾಳಿಯಲ್ಲಿ ನಿಂತಿತು. ಫ್ರೇಮ್ ಅಷ್ಟು ದೊಡ್ಡದು, ಮುಂದಿನ ಪೈಪಿಗೂ ಇಂಜಿನ್ನಿಗೂ ನಡುವೆ ನಾಲ್ಕು ಬೆರಳು ಜಾಗ. ಕಿಟ್ಟಿನಲ್ಲಿ ಇದಕ್ಕೆಂದೇ ಒಂದು ತಗಡು, ಉದ್ದನೆಯ ಒಂದು ಬೋಲ್ಟು ಇತ್ತು. ಜೊತೆಯ ಚೀಟಿಯಲ್ಲಿ ಪೈಪಿಗೆ ತೂತು ಹೊಡೆಯುವ ಚಿತ್ರ. ಅದು ಬೇಡ ಅಂದರೆ ಮೂಡಿಗೆರೆಯ ಲೇತಿನವರ ಹತ್ತಿರ ಅಳತೆ ಕೊಟ್ಟು ಉದ್ದ ಕ್ಲ್ಯಾಂಪ್ ಮಾಡಿಸಬೇಕು. ಫೋನ್ ಮಾಡಿದೆ. ಕುಯ್ಲಿನ ಕಾಲ, ಅಂಗಡಿ ತುಂಬ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಸಾಮಾನು ಬಿದ್ದಿದೆ, ಹತ್ತು ದಿನ ಬಿಟ್ಟು ಬಾ ಅಂದರು.

ಹತ್ತು ದಿನ. ಅಷ್ಟೇ. ನಾನು ಅವತ್ತೇ ಇಂಜಿನ್ ಸದ್ದು ಕೇಳಬೇಕಿತ್ತು. ಬೇರೆ ಕಾರಣ ಹುಡುಕಿ ಹುಡುಕಿ ನೋಡಿದ್ದೇನೆ, ಸಿಗಲಿಲ್ಲ.

ಡ್ರಿಲ್ಲಿಗೆ ಎಂಟು ಎಂಎಂ ಬಿಟ್ ಸಿಕ್ಕಿಸಿ ಪೈಪಿಗೆ ಇಟ್ಟೆ. ಚಿನ್ನದ ಗೆರೆ ಮೊದಲು ಎದ್ದು ಬಂತು, ಆಮೇಲೆ ಕಪ್ಪು ಬಣ್ಣ, ಆಮೇಲೆ ಹೊಳೆಯುವ ಕಬ್ಬಿಣದ ಸುರುಳಿ. ತೂತು ಕಾಣದ ಹಾಗೆ ತಗಡು ಕೂರಿಸಿದೆ, ತಗಡಿನ ಮೇಲೆ ಒಂದು ಸುಳ್ಳು ಕ್ಲ್ಯಾಂಪನ್ನೂ ಹಾಕಿದೆ. ನೋಡಿದವರಿಗೆ ಕ್ಲ್ಯಾಂಪಿನ ಮೇಲೇ ನಿಂತಿದೆ ಅನ್ನಿಸಬೇಕು.

ಇನ್ನೊಂದು ಮಾಡಿದೆ. ವೀಡ್ ಕಟರ್ ಹಿಡಿಕೆ ನಡುಗಿದರೆ ನಮ್ಮ ಅಂಗಡಿಗಳಲ್ಲಿ ಮಾಡುವ ಮದ್ದು — ಹಳೆ ಸ್ಪ್ರೇಯರ್ ಪೈಪಿನ ರಬ್ಬರ್ ತುಂಡು ಕತ್ತರಿಸಿ ಕ್ಲ್ಯಾಂಪಿನ ಒಳಗೆ ಇಡುವುದು. ಕೈಗೆ ನಡುಕ ತಾಗುವುದಿಲ್ಲ. ಅದನ್ನೇ ಇಂಜಿನ್ನಿನ ಹಿಂದಿನ ಕಾಲಿಗೂ ಇಟ್ಟೆ, ಬುದ್ಧಿವಂತಿಕೆ ಅಂದುಕೊಂಡು. ಎಷ್ಟೋ ತಿಂಗಳಾದ ಮೇಲೆ ಗೊತ್ತಾಯಿತು, ಸೈಕಲ್ಲಿನಲ್ಲಿ ಹಾಗೆ ಮಾಡಲೇಬಾರದಂತೆ. ಹಿಂದೆ ರಬ್ಬರ್ ಇಟ್ಟರೆ ಇಂಜಿನ್ ಒಳಗೊಳಗೇ ಕುಣಿಯುತ್ತದೆ, ಕುಣಿತವೆಲ್ಲ ಮುಂದಿನ ಬೋಲ್ಟಿನ ಮೇಲೆ ಬೀಳುತ್ತದೆ. ಅಂದರೆ ನಾನು ಹೊಡೆದ ತೂತಿನ ಮೇಲೆ.

ಮೊದಲ ದಿನ ಅವರು ಎಸ್ಟೇಟಿನ ಏರನ್ನು ತುಳಿಯದೆ ಹತ್ತಿದಾಗ ನಾನು ಹಿಂದೆ ಬೈಕಿನಲ್ಲಿ ವಿಡಿಯೋ ತೆಗೆಯುತ್ತಿದ್ದೆ. ಮೇಲೆ ಹೋಗಿ ಕ್ಲಚ್ ಹಿಡಿದು ನಿಂತರು. ಮುಖ ಕೆಂಪಾಗಿತ್ತು. "ಇದು ಸೈಕಲ್ಲಲ್ಲ ಮಾರಾಯ, ಇಳಿ ವಯಸ್ಸಿನ ಹುಚ್ಚು" ಅಂದರು. ನಕ್ಕರು. ವಿಡಿಯೋದಲ್ಲಿ ಆ ನಗು ಇದೆ. ನಾನೀಗ ಅದನ್ನು ನೋಡುವುದಿಲ್ಲ.

ಏಪ್ರಿಲ್ ಶುರುವಿನಲ್ಲಿ ಪ್ಲಗ್ ಬದಲಿಸಲು ತಂದು ಬಿಟ್ಟಿದ್ದರು. ತಗಡು ಸ್ವಲ್ಪ ಸರಿದ ಹಾಗೆ ಕಂಡಿತು, ಬಿಚ್ಚಿದೆ. ತೂತಿನ ಅಂಚಿನಿಂದ ಕೆಳಗಡೆಗೆ ಕೂದಲಿನಂಥ ಒಂದು ಗೆರೆ. ಉಗುರಿನಿಂದ ಕೆರೆದೆ. ಕೆಂಪು ತುಕ್ಕು ಬಂತು. ಬಣ್ಣದ ಬಿರುಕೋ ಪೈಪಿನ ಬಿರುಕೋ ಅಂತ ನನಗೆ ನಾನೇ ಕೇಳಿಕೊಂಡೆ. ಬಣ್ಣದ್ದು ಅಂದುಕೊಂಡೆ. ಅಂದುಕೊಂಡೆ ಅನ್ನುವುದೂ ಪೂರ್ತಿ ನಿಜ ಅಲ್ಲ. ಬಣ್ಣದ್ದು ಮಾತ್ರ ಆಗಿದ್ದರೆ ಅದನ್ನು ಮುಚ್ಚುವ ಮೊದಲು ನಾನು ಅಂಗಡಿಯ ಶಟರ್ ಯಾಕೆ ಅರ್ಧ ಎಳೆಯಬೇಕಿತ್ತು? ಪೈಪಿನದೇ ಅಂತ ಒಪ್ಪಿಕೊಂಡರೆ ಅವರಿಗೆ ಹೇಳಬೇಕು, ಹೇಳಿದರೆ ತೂತಿನ ವಿಷಯವೂ ಹೇಳಬೇಕು. ಕಪ್ಪು ಇನಾಮೆಲ್ ಬಳಿದೆ. ಬಳಿಕ ಮೂಡಿಗೆರೆಗೆ ಹೋಗಿ ಬೆಸುಗೆ ಹಾಕಿಸಿದರಾಯಿತು, ಮುಂದಿನ ವಾರ, ಅಂತ ಅಂದುಕೊಂಡೆ.

ಮುಂದಿನ ವಾರಕ್ಕೆ ಮುಂಚೆ ಹೂಮಳೆ ಬಂತು. ಮಳೆ ಬಿದ್ದ ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಎಸ್ಟೇಟಿನ ಮೇಸ್ತ್ರಿ ಫೋನ್ ಮಾಡಿದ: "ಪಚ್ಚೂ, ರೈಟ್ರು ಬಿದ್ದಿದಾರೆ. ಜೀಪಲ್ಲಿ ಮೂಡಿಗೆರೆಗೆ ಕರ್ಕೊಂಡು ಹೋದ್ರು. ನಿನ್ ಗಾಡಿ ಇಲ್ಲೇ ಚರಂಡೀಲಿ ಬಿದ್ದೈತೆ, ಎತ್ಕೊಂಡು ಹೋಗು."

ಅವರ ಹತ್ತಿರ ಹೋಗುವ ಮೊದಲು ನಾನು ಹೋದದ್ದು ಸೈಕಲ್ಲಿನ ಹತ್ತಿರ. ಇದನ್ನೂ ಬರೆಯಬೇಕು. ಇಳಿಜಾರಿನ ತಿರುವಿನಲ್ಲಿ, ಸಿಲ್ವರ್ ಓಕ್ ಮರದ ಬುಡದಲ್ಲಿ ಅದು ಮಡಚಿಕೊಂಡು ಬಿದ್ದಿತ್ತು. ಮುಂದಿನ ಪೈಪು ಸರಿಯಾಗಿ ತೂತಿನಲ್ಲೇ ಎರಡಾಗಿತ್ತು. ಮುರಿದ ಬಾಯಿ ನೋಡಿದೆ. ಅರ್ಧ ಭಾಗ ತುಕ್ಕು ಹಿಡಿದ ಕೆಂಪು, ಅರ್ಧ ಭಾಗ ಬೆಳ್ಳಿಯ ಹಾಗೆ ಹೊಸದು. ಅಂದರೆ ಅರ್ಧ ಪೈಪು ಎಷ್ಟೋ ದಿನಗಳ ಮುಂಚೆಯೇ ಮುರಿದಿತ್ತು. ಉಳಿದ ಅರ್ಧ ಅವತ್ತು ಬೆಳಿಗ್ಗೆ ಹೋಗಿದೆ. ಓದಲು ಬರುವವನಿಗೆ ಅದು ಅಕ್ಷರದ ಹಾಗೆ ಸ್ಪಷ್ಟ. ಅಲ್ಲಿ ಓದಲು ಬರುವವನು ನಾನೊಬ್ಬನೇ ಇದ್ದೆ.

ಅಂಗಡಿಗೆ ತಂದು, ಮುರಿದ ಜಾಗವನ್ನು ಎರಡೂ ಕಡೆ ಒಂದೊಂದು ಗೇಣು ಬಿಟ್ಟು ಹ್ಯಾಕ್ಸಾದಲ್ಲಿ ಕೊಯ್ದು ತೆಗೆದೆ. ಹಳೆ ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿ ಇಟ್ಟೆ. ಬಿಸಾಡಬಹುದಿತ್ತು. ಯಾಕೆ ಬಿಸಾಡಲಿಲ್ಲವೋ. ಒಳ್ಳೆಯತನ ಅಂತ ಯಾರೂ ಅಂದುಕೊಳ್ಳಬೇಡಿ, ನನಗೇ ಗೊತ್ತಿಲ್ಲ.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಬಲ ಹೆಗಲ ಮೂಳೆ ಮುರಿದಿತ್ತು, ಹಣೆಗೆ ಹೊಲಿಗೆ ಹಾಕಿದ್ದರು. ಮಗಳು ಗಾಯತ್ರಿ ಟೀಚರ್ ಪಕ್ಕದಲ್ಲಿದ್ದರು. ಗೋಣಿಬೀಡಿನ ಶಾಲೆಯಲ್ಲಿ ಪಾಠ ಮಾಡುತ್ತಾರೆ, ತಂದೆ ಇರುವುದು ಅವರ ಮನೆಯಲ್ಲೇ. ಡಾಕ್ಟರು ಬಿಪಿ ಕಡಿಮೆ ಇದೆ, ತಲೆ ತಿರುಗಿರಬಹುದು, ಈ ವಯಸ್ಸಿನಲ್ಲಿ ಆಗುತ್ತದೆ ಅಂದರು. ಅವರು ಮಂಚದಿಂದಲೇ ತಕರಾರು ತೆಗೆದರು.

"ತಲೆ ತಿರುಗಿಲ್ಲ. ಬೀಳೋ ಮುಂಚೆ ಟಕ್ ಅಂತು. ನಾನು ಕೇಳಿದೀನಿ. ಬಿದ್ದ ಮೇಲಲ್ಲ, ಮುಂಚೆ."

"ಅಪ್ಪಾ, ಬಿದ್ದಾಗ ಎಲ್ಲ ಒಟ್ಟಿಗೇ ಆಗಿರತ್ತೆ. ನಿಮಗೆ ಹಿಂದೆ ಮುಂದೆ ಆಗಿದೆ ಅಷ್ಟೆ" ಅಂದರು ಮಗಳು.

ಆಗ ಅವರು ನನ್ನ ಕಡೆ ತಿರುಗಿದರು. ಕತ್ತು ತಿರುಗಿಸಲು ಆಗುತ್ತಿರಲಿಲ್ಲ, ಕಣ್ಣು ಮಾತ್ರ ತಿರುಗಿತು.

"ಪಚ್ಚೂ. ಗಾಡಿ ಸರಿ ಇತ್ತೇನೋ?"

"ಗಾಡಿ ಸರಿ ಇತ್ತು ಸಾರ್. ಬಿದ್ದ ರಭಸಕ್ಕೆ ಪೈಪ್ ಮುರಿದಿದೆ."

"ಹಂಗಾದ್ರೆ ನನ್ನ ತಲೆನೇ ಸರಿ ಇಲ್ಲ" ಅಂದರು ರೈಟರು. ಟೀಚರ್ ನನಗೊಂದು ಕಾಫಿ ತಂದುಕೊಟ್ಟರು. ಕುಡಿದೆ.

ಎರಡು ತಿಂಗಳಲ್ಲಿ ಹೆಗಲು ಕೂಡಿತು. ಕಾಲಿಗೆ ಏನೂ ಆಗಿರಲಿಲ್ಲ, ನಡೆಯಬಹುದಿತ್ತು. ಆದರೆ ಒಬ್ಬರೇ ಹೊರಗೆ ಬಿಡುವ ಹಾಗಿಲ್ಲ ಅಂತ ಆಯಿತು. ಮತ್ತೆ ತಲೆ ತಿರುಗಿದರೆ? ಟೀಚರದ್ದು ತಪ್ಪಲ್ಲ. ಅವರಿಗೆ ಕೊಟ್ಟ ಮಾಹಿತಿ ಅದು, ಕೊಟ್ಟವನು ನಾನು. ಶಾಲೆಗೆ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿ ಗೇಟಿಗೆ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಿದ್ದರು. ನಲವತ್ತು ವರ್ಷ ಅಷ್ಟು ಎಕರೆ ತೋಟ ಓಡಾಡಿದ ಮನುಷ್ಯ ಆ ಗೇಟಿನ ಒಳಗೆ ಕೂತರು.

ಒಂದು ದಿನ ನನಗೆ ಹೇಳಿ ಕಳಿಸಿದರು. ಎಸ್ಟೇಟಿನ ಹೊಸ ರೈಟರಿಗೆ ಮಳೆಯ ಮೇಲೆ ಆಸಕ್ತಿ ಇಲ್ಲ, ದಿನಾ ಬೆಳಿಗ್ಗೆ ನೀನು ಓದಿ ನನಗೆ ಬಂದು ಹೇಳುತ್ತೀಯಾ ಅಂತ ಕೇಳಿದರು. ನನ್ನನ್ನೇ ಯಾಕೆ ಕೇಳಿದರೋ. "ನೀನು ಗಾಡಿ ವಿಷಯ ಸರಿಯಾಗಿ ಹೇಳ್ದೆ. ಬೇರೆಯೋರಾಗಿದ್ರೆ ನಂಗೆ ಬೇಜಾರಾಗತ್ತೆ ಅಂತ ತಪ್ಪನ್ನ ಮೈಮೇಲೆ ಎಳ್ಕೊಂತಿದ್ರು" ಅಂದರು. ಹ್ಞೂಂ ಅಂದೆ.

ಕೊಳವೆ ಹೇಗೆ ಹಿಡಿಯಬೇಕು, ನೀರಿನ ಬಾಗಿದ ಅಂಚಿನಲ್ಲಿ ಕೆಳಗಿನದ್ದನ್ನೇ ಯಾಕೆ ಓದಬೇಕು, ಎಲ್ಲ ಹೇಳಿಕೊಟ್ಟರು. ಬರೆಯುವುದನ್ನೂ ಕಲಿಸಿದರು. ಒಂದು ದಿನ ನಾನು ಪುಸ್ತಕದಲ್ಲಿ ತಪ್ಪು ಸಂಖ್ಯೆ ಬರೆದು, ಅಂಗಡಿಯಿಂದ ವೈಟ್ನರ್ ತಂದು ಹಚ್ಚಲು ಹೋದೆ. ಕೈ ಹಿಡಿದುಬಿಟ್ಟರು.

"ಎಸ್ಟೇಟ್ ಪುಸ್ತಕದಲ್ಲಿ ಉಜ್ಜದು, ಬಳಿಯದು ಇಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳಿ. ಕೆಳಗಿರೋದು ಓದಕ್ಕೆ ಬರ್ಬೇಕು. ಪಕ್ಕದಲ್ಲಿ ಸರಿ ಬರ್ದು ಸೈನ್ ಹಾಕು. ಯಾರು ತಪ್ಪಿದ್ದು ಅಂತ ಗೊತ್ತಾಗ್ಬೇಕಲ್ಲ ಮಾರಾಯ."

ಆ ಪುಸ್ತಕದಲ್ಲಿ ತಾರೀಖು, ಇಂಚು, ಸೆಂಟು, ಕೊನೆಯಲ್ಲಿ ಷರಾ ಅಂತ ಒಂದು ಖಾನೆ. ಅವರು ಬಿದ್ದ ದಿನದ ಷರಾದಲ್ಲಿ, ಆಮೇಲೆ ಎಡಗೈಯಲ್ಲಿ ಬರೆದ ಸೊಟ್ಟ ಅಕ್ಷರ: 'ತಲೆ ತಿರುಗಿ ಬಿದ್ದೆ.' ಪುಟ ತಿರುವುವಾಗೆಲ್ಲ ಅದು ನನ್ನ ಕಣ್ಣಿಗೆ ಬೀಳುತ್ತಿತ್ತು.

ಹೇಳಿಬಿಡಬೇಕು ಅಂತ ಎಷ್ಟು ಸಲ — ಬಿಡಿ. ಹೇಳಲಿಲ್ಲ. ಹೇಳದೇ ಇರಲು ನನ್ನ ಹತ್ತಿರ ಒಂದು ಒಳ್ಳೆಯ ಗೊಂದಲವೂ ಇತ್ತು. ಬಿಪಿ ಕಡಿಮೆ ಇದ್ದದ್ದು ನಿಜ ತಾನೇ? ತಲೆ ತಿರುಗಿದ್ದೂ ನಿಜ, ಪೈಪು ಮುರಿದದ್ದೂ ನಿಜ, ಎರಡೂ ಒಂದೇ ಕ್ಷಣದಲ್ಲಿ ಆಗಿದ್ದರೆ? ನಾನು ಹೇಳಿ, ಟೀಚರ್ ಅವರನ್ನು ಒಬ್ಬರೇ ಬಿಟ್ಟು, ಅವರು ನಿಜವಾಗಿಯೂ ತಲೆ ತಿರುಗಿ ಬಿದ್ದರೆ? ಇದಕ್ಕೆ ಉತ್ತರ ಇವತ್ತಿಗೂ ಗೊತ್ತಿಲ್ಲ. ಆದರೆ ಆ ಗೊಂದಲವನ್ನು ನಾನು ಬಿಡಿಸಲು ನೋಡಲಿಲ್ಲ. ಅದರ ಹಿಂದೆ ಅಡಗಿ ಕೂತಿದ್ದೆ. ಈ ನಡುವೆ ಕಳಸದಿಂದ ಒಬ್ಬರು, ವಿಡಿಯೋ ನೋಡಿದವರು, ನಮ್ಮ ತಂದೆಯ ಸೈಕಲ್ಲಿಗೂ ಹೀಗೇ ಕೂರಿಸಿದ್ದೇನೆ, ಮುಂದಿನ ಪೈಪಿಗೆ ತೂತು ಹೊಡೆದೆ ಅಂತ ಫೋಟೋ ಕಳಿಸಿದರು. ಕೂಡಲೇ ಫೋನ್ ಮಾಡಿ ಇಂಜಿನ್ ಬಿಚ್ಚಿ, ಆ ಸೈಕಲ್ ಹತ್ತಲೇಬೇಡಿ ಅಂದೆ. ಯಾಕೆ ಅಂದರು. ಮುರಿಯುತ್ತದೆ ಅಂದೆ. ನಿಮಗೆ ಹೇಗೆ ಗೊತ್ತು ಅಂದರು. ಫೋನ್ ಇಟ್ಟೆ. ಗುರುತಿಲ್ಲದವರಿಗೆ ಹೇಳಲು ಅರ್ಧ ನಿಮಿಷ ಸಾಕಾಯಿತು.

ಹೋದ ಆಗಸ್ಟಿನಲ್ಲಿ ಒಂದು ದಿನ ರಾತ್ರಿಯೆಲ್ಲ ಮಳೆ ಹೊಡೆದು ಬೆಳಗಾಗುವ ಹೊತ್ತಿಗೆ ನಿಂತಿತ್ತು. ನನಗೆ ನಿದ್ದೆಯಿಂದ ಏಳಲು ಆಗಲಿಲ್ಲ. ಒಂಬತ್ತಕ್ಕೆ ಎದ್ದು, ಎಸ್ಟೇಟಿಗೆ ಹೋಗದೆ ಸೀದಾ ಅವರ ಮನೆಗೆ ಹೋಗಿ ಬಾಯಿಗೆ ಬಂದದ್ದು ಹೇಳಿದೆ.

"ಎರಡು ಇಂಚು ಹತ್ತು ಸೆಂಟ್ ಸಾರ್."

ಪೆನ್ನು ಎತ್ತಿದವರು ನಿಂತರು. "ಎರಡೇನಾ? ಶೀಟಿನ ಮೇಲೆ ಬಿದ್ದ ಸದ್ದು ಕೇಳಿದ್ರೆ ಮೂರಕ್ಕೆ ಕಮ್ಮಿ ಇಲ್ಲ ಅನ್ನಿಸ್ತು ನಂಗೆ."

ನಾನು ಪುಸ್ತಕವನ್ನು ಅವರ ಕಡೆ ಇನ್ನೊಂದಿಷ್ಟು ಸರಿಸಿದೆ.

"ಇರ್ಲಿ ಬಿಡು" ಅಂದರು. "ಈಗ ನನ್ನ ಕಿವಿ ನಂಬೋ ಹಂಗಿಲ್ಲ." 2.10 ಅಂತ ಬರೆದರು.

ಅಲ್ಲಿಂದ ಬೈಕ್ ಓಡಿಸಿಕೊಂಡು ಎಸ್ಟೇಟಿಗೆ ಹೋದೆ. ಡಬ್ಬದ ನೀರು ಕೊಳವೆಗೆ ಸುರಿದೆ, ಒಂದಿಂಚು ಹಿಡಿಯುವ ಕೊಳವೆ ಮೂರು ಸಲ ತುಂಬಿ ಮೇಲೆ ಸ್ವಲ್ಪ ಉಳಿಯಿತು. ಮೂರು ಇಂಚು ಇಪ್ಪತ್ತೆರಡು ಸೆಂಟ್. ಅವರ ಕಿವಿ ಸರಿ ಇತ್ತು. ಎಲ್ಲವೂ ಸರಿ ಇತ್ತು. ಕೊಳವೆ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಸೈಕಲ್ ಮುರಿದಿದ್ದಕ್ಕಿಂತ ದೊಡ್ಡದೇನನ್ನೋ ನಾನು ದಿನಾ ಬೆಳಿಗ್ಗೆ ಹೋಗಿ ಹೋಗಿ ಮುರಿಯುತ್ತಿದ್ದೆ ಅಂತ ಆಗ ಗೊತ್ತಾಯಿತು.

ಅಂಗಡಿಗೆ ಹೋಗಿ ಡ್ರಾಯರಿನಿಂದ ಬಟ್ಟೆ ಸುತ್ತಿದ ಪೈಪು ತೆಗೆದುಕೊಂಡೆ. ಅವತ್ತು ಭಾನುವಾರ, ಟೀಚರ್ ಮನೆಯಲ್ಲಿದ್ದರು. ರೈಟರ ಎದುರು ಕೂತು ಬಟ್ಟೆ ಬಿಚ್ಚಿದೆ. ಮೊದಲು ಮಳೆಯದ್ದು ಹೇಳಿದೆ, ಆಮೇಲೆ ತೂತು, ಬಿರುಕು, ಬಣ್ಣ, ಆಸ್ಪತ್ರೆ. ಹಿಂದೆ ಮುಂದೆ ಆಗಿರಬಹುದು, ಆದರೆ ಎಲ್ಲ ಹೇಳಿದೆ. ಅವರು ಪೈಪನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಕಣ್ಣಿನ ಮಟ್ಟಕ್ಕೆ, ಕೊಳವೆ ಹಿಡಿಯುವ ಹಾಗೆ.

"ಟಕ್ ಅಂದಿದ್ದು ಮುಂಚೆ" ಅಂದರು.

"ಹೌದು ಸಾರ್. ಮುಂಚೆ."

"ಇನ್ನೊಂದ್ಸಲ ಹೇಳು."

"ಟಕ್ ಅಂದಿದ್ದು ಮುಂಚೆ ಸಾರ್. ಆಮೇಲೆ ನೀವು ಬಿದ್ದಿದ್ದು."

"ಗಾಯತ್ರೀ" ಅಂತ ಕೂಗಿದರು. ಅಷ್ಟು ದೊಡ್ಡ ದನಿ ನಾನು ಎಷ್ಟೋ ತಿಂಗಳಿಂದ ಕೇಳಿರಲಿಲ್ಲ. "ಬಾ ಇಲ್ಲಿ. ಇವ್ನು ಹೇಳ್ತಾನೆ, ಕೇಳು."

ಟೀಚರ್ ಮುಂದೆ ಇನ್ನೊಮ್ಮೆ ಮೊದಲಿನಿಂದ ಹೇಳಿದೆ. ಅವರು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಪೈಪಿನ ತೂತಿನೊಳಗೆ ಕಿರುಬೆರಳು ಇಟ್ಟು ನೋಡಿದರು. ಬಯ್ಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಾನು ಕೊಟ್ಟ ಕಾಫಿ ಕುಡಿದೆ ನೀನು" ಅಂದರು. "ನನ್ನ ಪಕ್ಕದಲ್ಲೇ ಕೂತ್ಕೊಂಡು."

ಆಮೇಲೆ ಗೇಟಿನ ಕಡೆ ನೋಡಿದರು. ಅವರ ಮುಖದಲ್ಲಿ ಏನು ಬಂತು ಅಂತ ನಾನು ಬರೆಯಲಾರೆ.

ರೈಟರು ಪುಸ್ತಕ ತರಿಸಿದರು. 2.10ರ ಮೇಲೆ ಒಂದೇ ಗೆರೆ ಎಳೆದು 3.22 ಅಂತ ಬರೆದು ಪೆನ್ನು ನನಗೆ ಕೊಟ್ಟರು. ಸೈನ್ ಹಾಕಿದೆ. ಹಿಂದಿನ ವರ್ಷದ ಏಪ್ರಿಲ್ ಪುಟ ತೆಗೆದರು. 'ತಲೆ ತಿರುಗಿ ಬಿದ್ದೆ' ಅನ್ನುವುದರ ಮೇಲೆ ಒಂದೇ ಗೆರೆ. ಕೆಳಗಿರುವುದು ಓದಲು ಬರುತ್ತದೆ. ಪಕ್ಕದಲ್ಲಿ, ಈ ಸಲ ಬಲಗೈಯಲ್ಲಿ, ನೆಟ್ಟಗಿನ ಅಕ್ಷರ: 'ಫ್ರೇಮ್ ಮುರಿದು ಬಿದ್ದೆ.' ಅಲ್ಲೂ ನನ್ನ ಕೈಲಿ ಸೈನ್ ಹಾಕಿಸಿದರು.

"ಬೇರೆ ದಿನದ್ದು?" ಅಂತ ಕೇಳಿದರು.

"ಬೇರೆಲ್ಲ ನಿಜ ಸಾರ್. ಇದೊಂದೇ ದಿನ."

ಅವರು ನನ್ನ ಮುಖವನ್ನು ನೋಡಿದರು. ಮೇಜಿನ ಮೇಲಿಂದ ಪೆನ್ಸಿಲ್ ತೆಗೆದುಕೊಂಡು, ನಾನು ಓದಲು ಶುರು ಮಾಡಿದ ದಿನದ ಪುಟಕ್ಕೆ ಹೋಗಿ, ಒಂದೊಂದು ಸಂಖ್ಯೆಯ ಪಕ್ಕದಲ್ಲೂ ಸಣ್ಣದೊಂದು ಪ್ರಶ್ನೆ ಗುರುತು ಹಾಕುತ್ತಾ ಬಂದರು. ಒಂದೂ ಬಿಡದೆ. ಆತುರ ಇಲ್ಲದೆ. ಮುಗಿಯುವ ತನಕ ನಾನು ಎದುರು ಕೂತಿದ್ದೆ, ಎದ್ದು ಹೋಗು ಅಂತಲೂ ಅವರು ಹೇಳಲಿಲ್ಲ. ಕೊನೆಯಲ್ಲಿ ಮಾತ್ರ, "ಆ ಪೈಪ್ ಇಲ್ಲೇ ಬಿಟ್ಟು ಹೋಗು" ಅಂದರು.

ಈಗ ಬೆಳಿಗ್ಗೆ ಟೀಚರ್ ಅವರನ್ನು ಸ್ಕೂಟರಿನಲ್ಲಿ ಎಸ್ಟೇಟಿನ ತನಕ ಬಿಟ್ಟು ಶಾಲೆಗೆ ಹೋಗುತ್ತಾರೆ. ವಾಪಸ್ ಅವರು ಒಬ್ಬರೇ ನಡೆದು ಬರುತ್ತಾರೆ, ಇಳಿಜಾರಾದ್ದರಿಂದ ಕೊಡೆ ಊರಿಕೊಂಡು. ಒಂಬತ್ತು ಗಂಟೆ ಆಗುವಾಗ ನನ್ನ ಕೈಯಲ್ಲಿ ಕೆಲಸ ನಿಲ್ಲುತ್ತದೆ. ಅವರ ಕೊಡೆ ತಿರುವಿನಲ್ಲಿ ಕಾಣುವ ತನಕ ನಾನು ಯಾವ ಬೋಲ್ಟನ್ನೂ ಬಿಗಿಯಲಾರೆ. ಅವರಿಗೆ ನಿಜವಾಗಿ ತಲೆ ತಿರುಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನು ಅವತ್ತು ಆಸ್ಪತ್ರೆಯಲ್ಲಿ ಮುಚ್ಚಿದವನು ನಾನೇ.

ವಿಡಿಯೋ ತೆಗೆದುಹಾಕಿಲ್ಲ. ಶುರುವಿನಲ್ಲಿ ಮುರಿದ ಪೈಪಿನ ಫೋಟೋ ಹಾಕಿದ್ದೇನೆ, ಕೆಂಪು ಅರ್ಧ, ಬೆಳ್ಳಿ ಅರ್ಧ. ನೋಡಿ, ಆಮೇಲೆ ಬೇಕಾದರೆ ಬಯ್ಯಿರಿ. ಹಳೆಯ ಫ್ರೇಮಿಗೆ ತೂತು ಹೊಡೆಯಬೇಡಿ.

ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಕೂಗುತ್ತಾರೆ, "ರೈಟ್ರೇ, ಎಷ್ಟಾಯ್ತು?" ಅವರು ನಿಂತು ಹೇಳುತ್ತಾರೆ. ನನ್ನ ಅಂಗಡಿಯ ಕಡೆ ನೋಡುವುದಿಲ್ಲ, ನಾನೂ ಕೇಳುವುದಿಲ್ಲ, ಆದರೆ ಕಿವಿಗೆ ಬೀಳುತ್ತದೆ. ಆ ಪ್ರಶ್ನೆ ಗುರುತುಗಳನ್ನು ಅವರು ಪೆನ್ಸಿಲ್ಲಿನಲ್ಲಿ ಹಾಕಿದ್ದಾರೆ. ಉಜ್ಜಿದರೆ ಹೋಗುತ್ತವೆ. ಉಜ್ಜಬೇಕಾದವನು ನಾನಲ್ಲ.